ಜಗತ್ತು ನಿಜವೋ ಮಿಥ್ಯೆಯೋ: ಐನೂರು ವರ್ಷದ ಈ ಜಗಳದಲ್ಲಿ ಗೆದ್ದವರು ಯಾರು?

ಪ್ರಶ್ನೆ: ನಾನು ಹುಟ್ಟಿದ್ದು ಸ್ಮಾರ್ತರ ಮನೆಯಲ್ಲಿ, ಮದುವೆಯಾಗಿ ಬಂದಿದ್ದು ಮಾಧ್ವರ ಮನೆಗೆ. ಹಬ್ಬಕ್ಕೆ ಅಪ್ಪ ಮತ್ತು ಮಾವ ಒಂದೇ ಪಂಕ್ತಿಯಲ್ಲಿ ಕೂತರೆ ಮುಗಿಯಿತು. ಊಟ ಆಗಿ ಕೈ ಒಣಗಿದರೂ 'ಜಗತ್ತು ಮಿಥ್ಯೆ', 'ಅಲ್ಲ, ಸತ್ಯ' ಅಂತ ನಡೆಯುತ್ತಲೇ ಇರುತ್ತದೆ. ಮಾವ ಪ್ರತಿ ಸಲವೂ ಅದೇ ಆನೆ ಕಥೆ ಹೇಳಿ ನಗುತ್ತಾರೆ. ನಾನು ಓದಿದ್ದು ಎಂಜಿನಿಯರಿಂಗ್. ನನ್ನ ಪ್ರಶ್ನೆ ಇಷ್ಟೇ. ಇಷ್ಟು ಶತಮಾನ ವಾದ ಮಾಡಿಯೂ ತೀರ್ಮಾನ ಆಗಿಲ್ಲ ಅಂದರೆ ಇದು ಬರೀ ಮಾತಿನ ಜಗಳ ಅಲ್ವಾ? ನಿಜವಾಗಿ ಗೆದ್ದವರು ಯಾರು? ಮುಂದಿನ ಸಲ ನಾನೂ ನಡುವೆ ಬಾಯಿ ಹಾಕಬೇಕು ಅಂದರೆ ಏನು ಕೇಳಬೇಕು?

ಉತ್ತರ: ನಿಮ್ಮ ಮಾವನ ಆನೆಯಿಂದಲೇ ಶುರು ಮಾಡೋಣ. ಕಥೆ ಗೊತ್ತಿಲ್ಲದವರಿಗಾಗಿ ಒಮ್ಮೆ ಹೇಳಿಬಿಡುತ್ತೇನೆ. ಜಗತ್ತು ಮಿಥ್ಯೆ ಅಂತ ಪಾಠ ಹೇಳುತ್ತಿದ್ದ ಅದ್ವೈತಿಯೊಬ್ಬರ ಮೇಲೆ ಆನೆ ನುಗ್ಗುತ್ತದೆ. ಅವರು ಪಂಚೆ ಎತ್ತಿಕೊಂಡು ಓಡುತ್ತಾರೆ. 'ಆನೆ ಮಿಥ್ಯೆ ಅಲ್ವಾ ಸ್ವಾಮಿ, ಯಾಕೆ ಓಡಿದಿರಿ?' ಅಂತ ಕೇಳಿದರೆ, 'ನಾನು ಓಡಿದ್ದೂ ಮಿಥ್ಯೆಯೇ' ಅನ್ನುತ್ತಾರೆ. ಎಲ್ಲರೂ ನಗುತ್ತಾರೆ. ನಗಬೇಕಾದದ್ದೇ. ಆದರೆ ಆ ಕೊನೆಯ ಉತ್ತರ ಇದೆಯಲ್ಲ, ಅದರಲ್ಲೇ ಈ ಇಡೀ ವಾದದ ಅತಿ ಕಷ್ಟದ ಗಂಟು ಇದೆ. ಎಲ್ಲವೂ ಮಿಥ್ಯೆ ಅನ್ನುವುದಾದರೆ, 'ಎಲ್ಲವೂ ಮಿಥ್ಯೆ' ಅನ್ನುವುದು ಏನು?

ಬ್ರಹ್ಮ ಅನ್ನುವ ಒಂದೇ ತತ್ವ ನಿಜ ಅನ್ನುವ ಶಂಕರರ ಅದ್ವೈತ ನಿಮ್ಮ ಅಪ್ಪನ ಕಡೆಯದು. ಜಗತ್ತೂ ನಿಜ ಅನ್ನುವ ದ್ವೈತ ನಿಮ್ಮ ಮಾವನ ಕಡೆಯದು, ಉಡುಪಿಯ ಮಧ್ವಾಚಾರ್ಯರದು. ಅವರು ಅದ್ವೈತವನ್ನು 13ನೇ ಶತಮಾನದಲ್ಲೇ ಎದುರಿಸಿದ್ದರು. ಆದರೆ ನಿಮ್ಮ ಮನೆಯ ಪಂಕ್ತಿಯಲ್ಲಿ ನಡೆಯುವ ವಾದಕ್ಕೆ ಈಗಿನ ಆಕಾರ ಕೊಟ್ಟಿದ್ದು ವ್ಯಾಸರಾಯರು. ಬನ್ನೂರಿನಲ್ಲಿ ಹುಟ್ಟಿ, ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಹತ್ತಿರ ಓದಿ, ವಿಜಯನಗರದಲ್ಲಿ ದೊಡ್ಡ ಗೌರವ ಪಡೆದವರು. ಪುರಂದರದಾಸರಿಗೂ ಕನಕದಾಸರಿಗೂ ಗುರುಗಳು ಅಂತ ನಾವು ಕೇಳಿರುವ ಅದೇ ವ್ಯಾಸರಾಯರು. 1539ರಲ್ಲಿ ಬೃಂದಾವನಸ್ಥರಾದರು. ಆನೆಗೊಂದಿ ಹತ್ತಿರ ತುಂಗಭದ್ರೆಯ ನಡುಗಡ್ಡೆಯ ನವಬೃಂದಾವನದಲ್ಲಿ ಅವರ ಬೃಂದಾವನವೂ ಒಂದು.

ಅವರು ಬರೆದ 'ನ್ಯಾಯಾಮೃತ' ಒಂದು ವಿಚಿತ್ರ ಪುಸ್ತಕ. ಎದುರಾಳಿಯ ಮನೆಯನ್ನು ಎದುರಾಳಿಗಿಂತ ಚೆನ್ನಾಗಿ ಗುಡಿಸಿ, ಸಾಮಾನೆಲ್ಲ ಜೋಡಿಸಿಟ್ಟು, ಆಮೇಲೆ ಒಂದೊಂದನ್ನೇ ಎತ್ತಿ ಒಡೆದರು. ಅದ್ವೈತದ ಪುಸ್ತಕಗಳಲ್ಲಿ ಅಲ್ಲಲ್ಲಿ ಚದುರಿದ್ದ ಮಾತುಗಳನ್ನು ಹೆಕ್ಕಿ, 'ಮಿಥ್ಯೆ ಅಂದರೆ ನೀವು ಹೇಳೋದು ಈ ಐದರಲ್ಲಿ ಒಂದು ತಾನೇ?' ಅಂತ ಐದು ಲಕ್ಷಣ, ಅಂದರೆ ವ್ಯಾಖ್ಯೆ, ಸಾಲಾಗಿ ಇಟ್ಟರು. ಪದ್ಮಪಾದರದ್ದು ಒಂದು, ಪ್ರಕಾಶಾತ್ಮರವು ಎರಡು, ಚಿತ್ಸುಖರದ್ದು ಒಂದು, ಆನಂದಬೋಧರದ್ದು ಒಂದು. ಅದ್ವೈತ ಓದುವ ಹುಡುಗರು ಇವತ್ತಿಗೂ ಈ ಐದನ್ನು ಇದೇ ಸಾಲಿನಲ್ಲಿ ಬಾಯಿಪಾಠ ಮಾಡುತ್ತಾರೆ. ಪಟ್ಟಿ ಮಾಡಿಕೊಟ್ಟಿದ್ದು ಎದುರು ಪಕ್ಷದವರು ಅನ್ನುವುದು ಎಷ್ಟೋ ಜನಕ್ಕೆ ಮರೆತೇ ಹೋಗಿದೆ.

ಇದಕ್ಕೆ ಉತ್ತರ ಬಂದಿದ್ದು ಕಾಶಿಯಿಂದ. ಬಂಗಾಳದಲ್ಲಿ ಹುಟ್ಟಿದ ಮಧುಸೂದನ ಸರಸ್ವತಿಯವರು 'ಅದ್ವೈತಸಿದ್ಧಿ' ಬರೆದರು. ನ್ಯಾಯಾಮೃತದ ಪ್ರಕರಣಗಳ ಸಾಲನ್ನೇ ಹಿಡಿದು, ಎಲ್ಲೂ ತಪ್ಪಿಸಿಕೊಳ್ಳದೆ ಉತ್ತರ ಕೊಟ್ಟರು. ಅದನ್ನು ಖಂಡಿಸಿ ವ್ಯಾಸ ರಾಮಾಚಾರ್ಯರು 'ತರಂಗಿಣಿ' ಬರೆದರು. ಇವರು ವೇಷ ಮರೆಸಿಕೊಂಡು ಮಧುಸೂದನರ ಹತ್ತಿರವೇ ಪಾಠ ಹೇಳಿಸಿಕೊಂಡು, ಆಮೇಲೆ ಅವರ ವಿರುದ್ಧವೇ ಬರೆದರು ಅಂತ ಒಂದು ಕಥೆ ಇದೆ. ಕಥೆ ನಿಜವೋ ಅಲ್ಲವೋ, ಹೇಳುವಾಗ ಎರಡೂ ಕಡೆಯವರು ಖುಷಿಯಿಂದ ಹೇಳುತ್ತಾರೆ. ತರಂಗಿಣಿಗೆ ಗೌಡ ಬ್ರಹ್ಮಾನಂದರು ಉತ್ತರ ಕೊಟ್ಟರು. ಅದಕ್ಕೆ ವನಮಾಲಿ ಮಿಶ್ರರು ಮರುಉತ್ತರ ಕೊಟ್ಟರು. ಹೀಗೆ ಇನಿಂಗ್ಸ್ ಮೇಲೆ ಇನಿಂಗ್ಸ್. ಮ್ಯಾಚು ಇನ್ನೂ ಡ್ರಾ ಅಂತ ಕೂಡ ಘೋಷಣೆ ಆಗಿಲ್ಲ.

ಈಗ ವಿಷಯಕ್ಕೆ ಬರೋಣ. ಅದಕ್ಕೆ ಮುಂಚೆ ಮಾವನ ನಗೆಚಾಟಿಕೆಯಲ್ಲಿ ಇರುವ ಒಂದು ತಪ್ಪು ಸರಿ ಮಾಡಬೇಕು. ಮಿಥ್ಯೆ ಅಂದರೆ 'ಏನೂ ಇಲ್ಲ' ಅಂತ ಅಲ್ಲ. ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ, ಎರಡನೇ ಅಧ್ಯಾಯದ ಎರಡನೇ ಪಾದದಲ್ಲಿ, ಹೊರಗೆ ವಸ್ತುಗಳೇ ಇಲ್ಲ, ಎಲ್ಲ ಮನಸ್ಸಿನ ಒಳಗಿನದು ಅನ್ನುವ ಬೌದ್ಧರ ಜೊತೆ ಜಗಳ ಆಡುತ್ತಾರೆ. ಕಂಬ, ಗೋಡೆ, ಮಡಕೆ, ಬಟ್ಟೆ ಕಣ್ಣಿಗೆ ಕಾಣುತ್ತಿರುವಾಗ ಇಲ್ಲ ಅನ್ನುವುದು ಹೇಗಿದೆ ಗೊತ್ತಾ, ಊಟ ಮಾಡುತ್ತಾ ಹೊಟ್ಟೆ ತುಂಬುತ್ತಿರುವುದು ತನಗೇ ತಿಳಿಯುತ್ತಿರುವಾಗ 'ನಾನು ಉಣ್ಣುತ್ತಿಲ್ಲ, ನನಗೆ ತೃಪ್ತಿಯಾಗುತ್ತಿಲ್ಲ' ಅಂದ ಹಾಗಿದೆ ಅನ್ನುತ್ತಾರೆ. ಪಂಕ್ತಿಯಲ್ಲಿ ಕೂತು ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಹಾಗಾಗಿ ಆನೆ ಬಂದರೆ ಅದ್ವೈತಿ ಓಡುವುದರಲ್ಲಿ ಅವಮಾನ ಏನೂ ಇಲ್ಲ. ವ್ಯವಹಾರದಲ್ಲಿ ಆನೆಯೂ ಇದೆ, ಕಾಲೂ ಇದೆ.

ಹಾಗಾದರೆ ಮಿಥ್ಯೆ ಅಂದರೆ ಏನು? ಅವರು ಮೂರು ಖಾನೆ ಮಾಡುತ್ತಾರೆ. ಒಂದು, ಯಾವ ಕಾಲಕ್ಕೂ ಸುಳ್ಳಾಗದೆ ಉಳಿಯುವುದು. ಅದು ಸತ್, ಬ್ರಹ್ಮ. ಇನ್ನೊಂದು, ಎಲ್ಲೂ ಯಾವತ್ತೂ 'ಇದೆ' ಅಂತ ತೋರುವುದೇ ಇಲ್ಲದ್ದು. ಅದು ಅಸತ್, ಮೊಲದ ಕೊಂಬು. ಇವೆರಡರ ನಡುವೆ, ಇದೆ ಅಂತ ತೋರುತ್ತದೆ, ಆದರೆ ಆಮೇಲೆ ತಿಳಿವಳಿಕೆ ಬಂದಾಗ 'ಅಯ್ಯೋ, ಇರಲೇ ಇಲ್ಲ' ಅನ್ನಿಸುತ್ತದೆ. ಮಸುಕಿನಲ್ಲಿ ಹಗ್ಗದ ಮೇಲೆ ಕಂಡ ಹಾವು ಅದು. ಜಗತ್ತು ಈ ನಡುವಿನ ಖಾನೆಯದು ಅನ್ನುವುದು ನಿಮ್ಮ ಅಪ್ಪನ ಪಕ್ಷ.

ವ್ಯಾಸರಾಯರ ಏಟು ಬೀಳುವುದು ಇಲ್ಲೇ. ಇದೆ ಅಥವಾ ಇಲ್ಲ, ನಡುವೆ ಖಾನೆ ಎಲ್ಲಿಂದ ಬಂತು? ಆಮೇಲೆ ಇನ್ನೊಂದು, ಇದು ಜಾಸ್ತಿ ಹರಿತ. 'ಜಗತ್ತು ಮಿಥ್ಯೆ ಅನ್ನುತ್ತೀರಲ್ಲ, ಜಗತ್ತಿನ ಆ ಮಿಥ್ಯಾತ್ವ ನಿಜವೋ ಮಿಥ್ಯೆಯೋ? ನಿಜ ಅಂದರೆ ಬ್ರಹ್ಮದ ಜೊತೆ ಇನ್ನೊಂದು ನಿಜವೂ ಇದ್ದಂತಾಯಿತು, ನಿಮ್ಮ ಅದ್ವೈತ ಹೋಯಿತು. ಮಿಥ್ಯೆ ಅಂದರೆ, ಜಗತ್ತು ಮಿಥ್ಯೆ ಅನ್ನುವುದೇ ಸುಳ್ಳಾಯಿತು, ಜಗತ್ತು ನಿಜವಾಯಿತು.' ಅತ್ತ ದರಿ, ಇತ್ತ ಪುಲಿ. ನಾನು ಮೊದಲ ಸಲ ಇದನ್ನು ಓದಿದಾಗ ಪುಸ್ತಕ ಮುಚ್ಚಿಟ್ಟು, ಅದ್ವೈತದ ಕಥೆ ಮುಗಿಯಿತು ಅಂದುಕೊಂಡಿದ್ದೆ.

ಮುಗಿದಿರಲಿಲ್ಲ. ಮಧುಸೂದನರ ಉತ್ತರದಲ್ಲೂ ಒಂದು ಆನೆ ಬರುತ್ತದೆ. ನಮ್ಮ ಕಥೆಯ ಆನೆ ಅಲ್ಲ, ಸುಮ್ನೆ ನಿಂತ ಆನೆ. ಅದನ್ನು ತೋರಿಸಿ 'ಇದು ಹಸು ಅಲ್ಲ' ಅಂದರೆ 'ಹಾಗಾದರೆ ಕುದುರೆ' ಅಂತ ಆಗುತ್ತದಾ? ಇಲ್ಲ. ಅದು ಆನೆ ಅನ್ನುವ ಒಂದೇ ಕಾರಣಕ್ಕೆ ಹಸುತನವೂ ಇಲ್ಲ, ಕುದುರೆತನವೂ ಇಲ್ಲ. ಎರಡೂ ಒಂದೇ ಏಟಿಗೆ ಹೋದವು. ಹಾಗೆಯೇ, ಜಗತ್ತು ಕಾಣುವ ವಸ್ತು, ಅದರ ನಿಜತನವೂ ಮಿಥ್ಯಾತ್ವವೂ ಅದೇ ಕಾಣುವ ಜಾತಿಗೆ ಸೇರಿದವು. ಬ್ರಹ್ಮದ ತಿಳಿವು ಬಂದಾಗ ಎಲ್ಲವೂ ಒಟ್ಟಿಗೆ ಹೋಗುತ್ತವೆ. ಒಂದು ಹೋಯಿತು ಅಂತ ಇನ್ನೊಂದು ಎದ್ದು ನಿಲ್ಲುವುದಿಲ್ಲ. 'ನಾನು ಓಡಿದ್ದೂ ಮಿಥ್ಯೆಯೇ' ಅನ್ನುವುದು ಇದೇ ಮಾತು, ಪಂಚೆ ಎತ್ತಿಕೊಂಡು ಹೇಳಿದ್ದು.

ದ್ವೈತಿಗಳು ಬಿಡುತ್ತಾರಾ? ಹಸು ಅಲ್ಲ, ಕುದುರೆ ಅಲ್ಲ ಅಂದಾಗ ಮೂರನೆಯದಾಗಿ ಆನೆ ಇತ್ತು. 'ನಿಜ' ಮತ್ತು 'ನಿಜ ಅಲ್ಲ' ಇವೆರಡರ ಆಚೆ ಯಾವ ಆನೆ ನಿಂತಿದೆ, ತೋರಿಸಿ ಅನ್ನುತ್ತಾರೆ. ಅದಕ್ಕೆ ಅದ್ವೈತಿ ಮತ್ತೆ ತನ್ನ ಮೂರು ಖಾನೆಗಳ ಕಡೆ ಕೈ ತೋರಿಸುತ್ತಾನೆ. ಹೀಗೆ ಎಳೆ ಹಿಡಿದು ಹೋದರೆ ಎಲ್ಲ ವಾದವೂ ಕೊನೆಗೆ ಒಂದೇ ಪ್ರಶ್ನೆಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಆ ಪ್ರಶ್ನೆ ಇದು: ಇಲ್ಲದ್ದು ಕಾಣಿಸಬಹುದಾ?

ಇದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮಲ್ಪೆ ಬೀಚಿನಲ್ಲಿ ಸಂಜೆ ನಡೆಯುತ್ತಿದ್ದೀರಿ. ಮರಳಿನಲ್ಲಿ ಏನೋ ಹೊಳೆಯಿತು. 'ಬೆಳ್ಳಿ!' ಅಂತ ಬಗ್ಗಿದಿರಿ. ಕೈಗೆ ಬಂದಿದ್ದು ಚಿಪ್ಪು. ಈಗ ಹೇಳಿ, ಬಗ್ಗುವಾಗ ನಿಮಗೆ ಕಂಡ ಆ ಬೆಳ್ಳಿ ಏನು? ಶಾಸ್ತ್ರದಲ್ಲಿ ಸಾವಿರ ವರ್ಷದಿಂದ ಎಲ್ಲರೂ ತಿಕ್ಕಿ ತಿಕ್ಕಿ ನೋಡಿದ ಚಿಪ್ಪು ಇದು. ಅದ್ವೈತಿಯ ವಾದ ಒಂದೇ ಸಾಲಿನದು. ಅದು ಅಸತ್ ಆಗಿದ್ದರೆ ಕಾಣುತ್ತಲೇ ಇರಲಿಲ್ಲ, ಸತ್ ಆಗಿದ್ದರೆ ಕೈಗೆತ್ತಿಕೊಂಡಾಗ ಹೋಗುತ್ತಿರಲಿಲ್ಲ. ಆದ್ದರಿಂದ ಎರಡೂ ಅಲ್ಲದ ಮೂರನೇ ಜಾತಿಯ ಬೆಳ್ಳಿ ಆ ಹೊತ್ತಿಗೆ ಅಲ್ಲಿ ಹುಟ್ಟಿತ್ತು. ದ್ವೈತಿ ಹೇಳುವುದು ಇನ್ನೂ ಸರಳ. ಅಲ್ಲಿ ಬೆಳ್ಳಿ ಇರಲೇ ಇಲ್ಲ. ಚಿಪ್ಪು ಇತ್ತು, ಕಣ್ಣು ಮೋಸ ಹೋಯಿತು, ಇಲ್ಲದ ಬೆಳ್ಳಿಯನ್ನು ಇದೆ ಅಂತ ತಿಳಿದಿರಿ. ಭ್ರಮೆ ಅಂದರೆ ಅದೇ ತಾನೇ? ಇಲ್ಲದ್ದು ಕಾಣಬಾರದು ಅಂತ ಯಾರು ನಿಯಮ ಮಾಡಿದರು?

ನೋಡಿ, ಇಲ್ಲಿ ಧರ್ಮವೂ ಇಲ್ಲ, ಮಠವೂ ಇಲ್ಲ, ಮೋಕ್ಷವೂ ಇಲ್ಲ. ಶುದ್ಧ ಪ್ರಶ್ನೆ. 'ಇದು ನಮ್ಮ ಮನೆ ಜಗಳ ಮಾತ್ರ' ಅನ್ನುವವರಿಗೆ ನಾನು ಹೇಳುವುದೂ ಇದನ್ನೇ. ಇದೇ ಬಾಗಿಲಿಗೆ ಯುರೋಪಿನವರೂ ಬಂದು ನಿಂತರು, 20ನೇ ಶತಮಾನದ ಶುರುವಿನಲ್ಲಿ. ಆಸ್ಟ್ರಿಯಾದ ತತ್ವಜ್ಞಾನಿ ಮೈನಾಂಗ್ 1904ರಲ್ಲಿ, ಚಿನ್ನದ ಬೆಟ್ಟ ಇಲ್ಲದಿದ್ದರೂ ಅದರ ಬಗ್ಗೆ ಯೋಚಿಸಬಹುದು, ಅದು ಚಿನ್ನದ್ದು ಅಂತ ಹೇಳಬಹುದು, ಹಾಗಾಗಿ ಅದನ್ನೂ ಒಂದು ವಿಷಯ ಅಂತ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಂದರು. ಮರು ವರ್ಷವೇ ಇಂಗ್ಲೆಂಡಿನ ತತ್ವಜ್ಞಾನಿ ರಸೆಲ್ ಅದನ್ನು ತಳ್ಳಿಹಾಕಿ, 'ಫ್ರಾನ್ಸಿನ ಈಗಿನ ರಾಜ ಬೋಳುತಲೆಯವನು' ಅನ್ನುವಂಥ ವಾಕ್ಯಗಳನ್ನು ಬಿಡಿಸಿ ಬರೆಯುವ ಹೊಸ ದಾರಿ ತೋರಿಸಿದರು. ರಾಜನೇ ಇಲ್ಲದ ದೇಶದ ರಾಜನ ತಲೆಯಲ್ಲಿ ಕೂದಲು ಇದೆಯೋ ಇಲ್ಲವೋ ಅಂತ ದೊಡ್ಡ ದೊಡ್ಡವರು ಜಗಳ ಆಡಿದರು. ಎಷ್ಟೋ ಕಾಲ ರಸೆಲ್ ಗೆದ್ದರು ಅಂತಲೇ ಎಲ್ಲರೂ ಪಾಠ ಹೇಳಿದರು. ಆಮೇಲೆ ಮೈನಾಂಗ್ ಪಕ್ಷಕ್ಕೆ ಮತ್ತೆ ವಕೀಲರು ಹುಟ್ಟಿಕೊಂಡರು. ಅಲ್ಲೂ ಮುಗಿದಿಲ್ಲ.

ಇನ್ನು ನಿಮ್ಮ ಎಂಜಿನಿಯರಿಂಗ್ ತಲೆಗೆ ಬರುವ ಪ್ರಶ್ನೆ: ಯಾವುದಾದರೂ ಪ್ರಯೋಗ ಮಾಡಿ ತೀರ್ಮಾನ ಮಾಡಬಾರದಾ? ತೊಂದರೆ ಏನೆಂದರೆ, ಸಾಕ್ಷಿ ಯಾರದ್ದು ಅನ್ನುವುದೇ ಇಲ್ಲಿ ವ್ಯಾಜ್ಯದಲ್ಲಿದೆ. ಮಾವ ಹೇಳುತ್ತಾರೆ, ಕಣ್ಣಾರೆ ಕಂಡ ಜಗತ್ತನ್ನು ಯಾವ ಶ್ರುತಿವಾಕ್ಯವೂ, ಅಂದರೆ ವೇದದ ಮಾತೂ, ಇಲ್ಲ ಅನ್ನಲಾರದು. ಆ ಶ್ರುತಿಯನ್ನು ನೀವು ಕಿವಿಯಿಂದಲೇ ಕೇಳಿದ್ದಲ್ವಾ? ಕಿವಿಯನ್ನು ನಂಬದೆ ಶ್ರುತಿಯನ್ನು ಹೇಗೆ ನಂಬುತ್ತೀರಿ? ತಾನು ಕೂತ ಕೊಂಬೆ ತಾನೇ ಕಡಿಯುವುದು ಅಂದರೆ ಇದೇ. ಅದ್ವೈತಿಯ ಉತ್ತರಕ್ಕೆ ಚಂದ್ರ ಬರುತ್ತಾನೆ. ಚಂದ್ರ ಗೇಣುದ್ದ ಕಾಣುತ್ತಾನೆ. ಶಾಸ್ತ್ರ ಅವನು ಬಹಳ ದೊಡ್ಡವನು ಅನ್ನುತ್ತದೆ. ನಾವು ಶಾಸ್ತ್ರವನ್ನು ನಂಬುತ್ತೇವೆ, ಕಣ್ಣನ್ನಲ್ಲ. ಇದಕ್ಕೆ ಮಾವನ ಕಡೆಯ ಉತ್ತರ ಬಿಗಿಯಾಗಿದೆ. ದೂರದಿಂದ ನೋಡಿದ ಕಣ್ಣು ತಪ್ಪಿರಬಹುದು, ಪರೀಕ್ಷೆ ಮಾಡಿದ ಪ್ರತ್ಯಕ್ಷ ತಪ್ಪುವುದಿಲ್ಲ. ಅದರ ಮೇಲೆ, 'ಇದು ಸರಿಯಾದ ತಿಳಿವು' ಅಂತ ಮುದ್ರೆ ಒತ್ತುವ ಸಾಕ್ಷಿ ಅನ್ನುವ ಒಂದು ಶಕ್ತಿ ಪ್ರತಿ ಜೀವದ ಒಳಗೇ ಇದೆ, ಅದು ಮೋಸ ಹೋಗುವುದಿಲ್ಲ ಅನ್ನುತ್ತದೆ ಮಧ್ವರ ಮತ. ಅದ್ವೈತಿಗೂ ಸಾಕ್ಷಿ ಇದ್ದಾನೆ, ಆದರೆ ಆ ಸಾಕ್ಷಿಯ ಕೆಲಸವೇ ಬೇರೆ. ಒಂದೇ ಪದ, ಎರಡು ಕೋರ್ಟು.

ಅಂದ ಹಾಗೆ, ಕನಸಿನ ಬಗ್ಗೆ ಮಧ್ವರು ಹೇಳಿದ್ದನ್ನು ಕೇಳಿದರೆ ನಿಮ್ಮ ಅಪ್ಪ ಬೆಚ್ಚಿಬೀಳಬಹುದು. ಕನಸಿನಲ್ಲಿ ಕಂಡದ್ದೂ ನಿಜ ಅನ್ನುತ್ತಾರೆ. ಮನಸ್ಸಿನಲ್ಲಿ ಕೂತ ವಾಸನೆಗಳಿಂದಲೇ, ಅಂದರೆ ಹಳೆಯ ಅನುಭವಗಳು ಬಿಟ್ಟುಹೋದ ಅಚ್ಚುಗಳಿಂದಲೇ, ದೇವರು ಅದನ್ನು ಮಾಡಿ ತೋರಿಸುತ್ತಾನೆ. ಅದನ್ನು ಎಚ್ಚರದ ವಸ್ತು ಅಂದುಕೊಳ್ಳುವುದಷ್ಟೇ ತಪ್ಪು. ಜಗತ್ತಿನ ನಿಜತನ ಉಳಿಸಲು ಎಷ್ಟು ದೂರ ಹೋಗಬೇಕೋ ಅಷ್ಟು ದೂರ ಹೋಗಿದ್ದಾರೆ. ನನಗೆ ಈ ಧೈರ್ಯ ಇಷ್ಟ.

ಹಾಗಾದರೆ ಇದು ಬರೀ ಮಾತಿನ ಜಗಳವಾ? ಅರ್ಧ ಹೌದು. 'ಸತ್ಯ' ಅನ್ನುವ ಒಂದೇ ಪದವನ್ನು ಇಬ್ಬರೂ ಬೇರೆ ಬೇರೆ ಸೇರಿನಲ್ಲಿ ಅಳೆಯುತ್ತಿದ್ದಾರೆ. ಅಪ್ಪನ ಸೇರಿನಲ್ಲಿ, ಮೂರು ಕಾಲಕ್ಕೂ ಸುಳ್ಳಾಗದೆ ಉಳಿದರೆ ಮಾತ್ರ ಸತ್ಯ. ಮಾವನ ಸೇರಿನಲ್ಲಿ, ಮಡಕೆ ನಾಳೆ ಒಡೆದುಹೋದರೂ ಇವತ್ತು ಇಲ್ಲಿ ಇದ್ದದ್ದು ಪೂರ್ತಿ ಸತ್ಯ. ಮೊದಲ ಅರ್ಧ ಗಂಟೆ ನಿಮ್ಮ ಮನೆಯಲ್ಲಿ ನಡೆಯುವುದು ಬಹುಶಃ ಇದೇ, ಅದು ನಿಜಕ್ಕೂ ವ್ಯರ್ಥ. ಆದರೆ ಸೇರು ಯಾವುದು ಅಂತ ಗೊತ್ತಾದ ಮೇಲೂ ಚಿಪ್ಪಿನ ಪ್ರಶ್ನೆ ಉಳಿಯುತ್ತದೆ. ಅದು ಪದದ ಪ್ರಶ್ನೆ ಅಲ್ಲ. ಒಬ್ಬರು ಸರಿ ಇದ್ದರೆ ಇನ್ನೊಬ್ಬರು ತಪ್ಪಿರಲೇಬೇಕು.

ಗೆದ್ದವರು ಯಾರು ಅಂತ ಕೇಳಿದಿರಿ. ಜಾರಿಕೊಳ್ಳದೆ ಹೇಳುತ್ತೇನೆ, ಇದು ನನ್ನ ಲೆಕ್ಕ ಅಷ್ಟೇ. 'ಮಿಥ್ಯಾತ್ವ ನಿಜವೋ ಮಿಥ್ಯೆಯೋ' ಅನ್ನುವ ಇಕ್ಕಳದಿಂದ ಮಧುಸೂದನರು ತಪ್ಪಿಸಿಕೊಂಡರು. ಅದ್ವೈತವನ್ನು ಬರೀ ತರ್ಕದ ಒಂದು ಏಟಿಗೆ ಕೆಡವಲಾಗದು ಅಂತ ತೋರಿಸಿದರು. ಆದರೆ ಚಿಪ್ಪಿನ ಮುಂದೆ ನಾನು ವ್ಯಾಸರಾಯರ ಕಡೆ. ಒಂದು ಕ್ಷಣದ ತಪ್ಪನ್ನು ವಿವರಿಸಲು, ಇದ್ದದ್ದೂ ಅಲ್ಲದ ಇಲ್ಲದ್ದೂ ಅಲ್ಲದ ಹೊಸ ಜಾತಿಯ ಬೆಳ್ಳಿಯನ್ನು ಹುಟ್ಟಿಸುವುದು ನನಗೆ ದುಬಾರಿ ಅನ್ನಿಸುತ್ತದೆ. ನನ್ನ ಜೊತೆ ಓದಿದ, ನನಗಿಂತ ಬುದ್ಧಿವಂತನಾದ ಗೆಳೆಯ ಇದನ್ನು ಒಪ್ಪುವುದಿಲ್ಲ. 'ಇಲ್ಲದ್ದು ಕಾಣುತ್ತದೆ ಅಂದರೆ, ಮೊಲದ ಕೊಂಬು ಯಾಕೆ ಒಂದು ದಿನವೂ ಕಾಣಲಿಲ್ಲ?' ಅಂತ ಫೋನಿನಲ್ಲಿ ಕೇಳುತ್ತಾನೆ. ನನ್ನ ಹತ್ತಿರ ಉತ್ತರ ಇದೆ. ಅವನಿಗೆ ಅದು ಸಾಲದು.

2020ರಲ್ಲಿ ವೃತ್ತಿಯಲ್ಲಿರುವ ತತ್ವಶಾಸ್ತ್ರಜ್ಞರ ಒಂದು ದೊಡ್ಡ ಸಮೀಕ್ಷೆ ನಡೆದಿತ್ತು, ಹೆಚ್ಚಾಗಿ ಇಂಗ್ಲಿಷ್ ಬಳಸುವ ವಿಶ್ವವಿದ್ಯಾಲಯಗಳವರು. ಹೊರಗಿನ ಜಗತ್ತು ನಿಜವಾಗಿ ಇದೆ ಅನ್ನುವ ಕಡೆಗೆ ಸುಮಾರು ಶೇಕಡಾ 80 ಮಂದಿ ವಾಲಿದ್ದರು. ಮಾವನಿಗೆ ಇದನ್ನು ಹೇಳುವ ಮುಂಚೆ ಆ ಊಟದ ಉದಾಹರಣೆ ನೆನಪಿರಲಿ. ಆ ಪ್ರಶ್ನೆಯನ್ನು ಅಷ್ಟೇ ಕೇಳಿದರೆ ಶಂಕರರೂ ಆ 80ರಲ್ಲೇ ಸೇರುತ್ತಿದ್ದರೇನೋ.

ಕೊನೆಯದಾಗಿ, ನೀವು ಏನು ಕೇಳಬೇಕು? ಇಬ್ಬರಿಗೂ ಒಂದೊಂದು ಕೊಡುತ್ತೇನೆ. ಪಕ್ಷಪಾತ ಆಗಬಾರದು, ನೀವು ಎರಡೂ ಮನೆಯವರು.

ಅಪ್ಪನನ್ನು ಕೇಳಿ: ಹಗ್ಗದಲ್ಲಿ ಹಾವು ಕಾಣಲು ಅವಿದ್ಯೆ ಕಾರಣ ಅನ್ನುತ್ತೀರಿ. ಆ ಅವಿದ್ಯೆ ಇರುವುದು ಯಾರಿಗೆ? ಜೀವನಿಗೆ ಅಂದರೆ, ಜೀವ ಅನ್ನುವುದೇ ಅವಿದ್ಯೆಯಿಂದ ಆದದ್ದು, ಕೋಳಿ ಮೊದಲೋ ಮೊಟ್ಟೆ ಮೊದಲೋ ಆಯಿತು. ಬ್ರಹ್ಮಕ್ಕೆ ಅಂದರೆ, ತಿಳಿವೇ ಆಗಿರುವ ಬ್ರಹ್ಮಕ್ಕೆ ಅವಿದ್ಯೆ ಹೇಗೆ? ಅದ್ವೈತದ ಒಳಗೇ ಭಾಮತಿ, ವಿವರಣ ಅಂತ ಎರಡು ವ್ಯಾಖ್ಯಾನಗಳ ಹೆಸರಿನ ಎರಡು ಪಂಥಗಳಿವೆ. ಭಾಮತಿಯವರು ಜೀವನಿಗೆ ಅಂದರು, ವಿವರಣದವರು ಬ್ರಹ್ಮಕ್ಕೆ ಅಂದರು. ಒಂದೇ ಮನೆಯಲ್ಲಿ ಎರಡು ಒಲೆ. ನಮ್ಮ ಕಾಲಕ್ಕೆ ಹತ್ತಿರವಾಗಿ, ಹೊಳೆನರಸೀಪುರದ ಸಚ್ಚಿದಾನಂದೇಂದ್ರ ಸರಸ್ವತಿಯವರು ಇಬ್ಬರನ್ನೂ ಬಿಟ್ಟರು. ಜಗತ್ತಿಗೆ ಕಾರಣವಾಗಿ ಮೂಲಾವಿದ್ಯೆ ಅಂತ ಒಂದು ವಸ್ತು ಇದೆ ಅನ್ನುವುದೇ ಶಂಕರರ ಮತ ಅಲ್ಲ, ಆಮೇಲಿನ ವ್ಯಾಖ್ಯಾನಕಾರರು ಸೇರಿಸಿದ್ದು ಅಂತ ಜೀವಮಾನವಿಡೀ ಬರೆದರು. ಅವರು ತೀರಿಕೊಂಡಿದ್ದು 1975ರಲ್ಲಿ. ಆ ಜಗಳವೂ ಇನ್ನೂ ಬಿಸಿಯಾಗಿಯೇ ಇದೆ. ಅಪ್ಪ ಯಾವ ಒಲೆಯ ಮುಂದೆ ಕೂತಿದ್ದಾರೆ ಅಂತ ತಿಳಿದುಕೊಳ್ಳಿ.

ಮಾವನನ್ನು ಕೇಳಿ: ಜೀವಗಳಲ್ಲಿ ಸ್ವಭಾವದಿಂದಲೇ ಮೇಲು ಕೆಳಗು ಇದೆ, ಕೆಲವರು ಮುಕ್ತಿಗೆ ಯೋಗ್ಯರು, ಕೆಲವರು ಯಾವತ್ತೂ ಅಲ್ಲ ಅನ್ನುತ್ತೀರಿ. ಎಲ್ಲವೂ ಸ್ವತಂತ್ರನಾದ ದೇವರ ಕೈಯಲ್ಲಿ ಇರುವಾಗ, ಒಬ್ಬನು ಕತ್ತಲೆಗೆ ಹೋಗುವ ಸ್ವಭಾವದವನಾಗಿಯೇ ಇರುವುದು ಅವನ ತಪ್ಪು ಹೇಗಾಗುತ್ತದೆ? ಈ ಪ್ರಶ್ನೆ ಸ್ವಲ್ಪ ಮೆತ್ತಗೆ ಕೇಳಿ, ಸೊಸೆಯ ಬಾಯಿಂದ ಬರುವಾಗ ಖಾರ ಜಾಸ್ತಿ ಅನ್ನಿಸಬಹುದು.

ಇಬ್ಬರೂ ಕೊಡುವ ಉತ್ತರ ನನಗೆ ಈಗಲೇ ಗೊತ್ತು. ಅಪ್ಪ ಹೇಳುತ್ತಾರೆ, ಅವಿದ್ಯೆ ಅನಾದಿ, ಅದಕ್ಕೆ ಶುರು ಅಂತ ಇಲ್ಲ. ಮಾವ ಹೇಳುತ್ತಾರೆ, ಜೀವನ ಸ್ವಭಾವ ಅನಾದಿ, ದೇವರು ಅದನ್ನು ಹೊಸದಾಗಿ ಮಾಡಿದ್ದಲ್ಲ. ಸಂಜೆಯಿಡೀ ಒಂದು ಮಾತಿಗೂ ಒಪ್ಪದವರು ಕಷ್ಟ ಬಂದಾಗ ಒಂದೇ ಪದದ ಕೊಡೆ ಕೆಳಗೆ ಬಂದು ನಿಲ್ಲುತ್ತಾರೆ. ಆಗ ನೀವು ಕೇಳಬಹುದು: ಅನಾದಿ ಅನ್ನುವುದು ಉತ್ತರವೋ, ಮುಂದೆ ಕೇಳಬೇಡ ಅನ್ನುವುದೋ?

ಹುಡುಗನಾಗಿದ್ದಾಗ ನಾನು ಇದನ್ನೇ ನಮ್ಮ ಗುರುಗಳ ಹತ್ತಿರ ಕೇಳಿದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. 'ನಾಳೆ ಬಾ' ಅಂದರು. ಮಾರನೇ ದಿನ ಸ್ವಲ್ಪ ಬೇಗನೇ ಹೋಗಿ ಕೂತೆ. ಪಾಠ ಮುಂದಿನ ಪ್ರಕರಣದಿಂದ ಶುರುವಾಯಿತು.